ಯಾರವೂ ಅಲ್ಲದ ಕುರಿಗಳು

“ನೀ ಬಡವಿ ಹೆಂಗಾಗ್ತಿ ಬೇ? ನಾಲ್ಕಿಪ್ಪತ್ತು ಕುರಿ ಇದ್ದಾವನ ಹೆಣ್ತಿ ನೀ. ನಿನಗ ಬಡವಿ ಅಂತ ಬರದುಕೊಟ್ಟರ ನನ್ನ ನೌಕರಿ ಹೋಗಿ ನಾ ಬಡವ ಆಗ್ತೀನಿ.”

ಕುರನೂರಿನ ಲೆಕ್ಕಪತ್ರ ನೋಡುವ ತಲಾಠಿ ಹೀಗೆಂದು ಎಲೆಯಡಿಕೆಯ ಉಗುಳನ್ನು ಚಾವಡಿಯ ಕಟ್ಟೆಯಾಚೆ ಉಗಿದ. ಅದು ಸುಗಲಾಬಾಯಿಯ ಕಾಲಿನ ಹತ್ತಿರವೇ ಬಿತ್ತು. ಅವಳು ಕಾಲು ಹಿಂದೆಗೆಯಲಿಲ್ಲ. ಬಿಸಿಲಲ್ಲಿ ಮೆಟ್ಟಿಲ ಕೆಳಗೆ ನಿಂತು ಬಹಳ ಹೊತ್ತಾಗಿತ್ತು. ಕಾಲು ತೆಗೆದರೆ ಹೊರಟಳೆಂದು ತಿಳಿದು ತಲಾಠಿ ಒಳಗೆ ಎದ್ದುಹೋದಾನು ಎಂಬ ಭಯ ಅವಳಿಗೆ.

ಕಟ್ಟೆಯ ಮೇಲೆ ಕೂತಿದ್ದ ನಾಲ್ಕಾರು ಮಂದಿ ನಕ್ಕರು. ಅವರ ಬೆನ್ನ ಹಿಂದಿನ ಗೋಡೆಗೆ ಹಿಂದಿನ ಇಲೆಕ್ಷನ್ನಿನಲ್ಲಿ ‘ಗರೀಬಿ ಹಟಾವ್’ ಎಂದು ಕೆಮ್ಮಣ್ಣಿನಲ್ಲಿ ಬರೆದದ್ದು ಇನ್ನೂ ಅಳಿಸಿರಲಿಲ್ಲ. ಸುಗಲಾಬಾಯಿಗೆ ಓದಲು ಬಾರದು. ಓದಲು ಬಂದಿದ್ದರೂ ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದು ಗರೀಬಿ ಹೋಗುವುದಲ್ಲ; ಗರೀಬಿ ಇದೆ ಎಂದು ಸರಕಾರದ ಮನುಷ್ಯನೊಬ್ಬ ಸಿಕ್ಕಾ ಹೊಡೆದು ಕೊಡುವುದು. ಅದಿದ್ದರೆ ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಮಿಟಿಯೊಂದು ಸೋಲಾಪುರದಲ್ಲಿ ಇತ್ತು. ವಕೀಲ ಸಿಕ್ಕರೆ ಗಂಡ ಕಾಮಣ್ಣನ ಮೇಲೆ ಪೋಟಗಿಯ ದಾವೆ ಹಾಕಬಹುದಿತ್ತು. ಪೋಟಗಿ ಎಂದರೆ ಹೊರಗೆ ಹಾಕಿದ ಹೆಂಡತಿಯ ಹೊಟ್ಟೆಗೆಂದು ಗಂಡ ತಿಂಗಳು ತಿಂಗಳು ಕೊಡಬೇಕಾದದ್ದು. ಅವಳಿಗೂ ಅವಳ ಮಗಳಿಗೂ ಎರಡು ಹೊತ್ತು ರೊಟ್ಟಿಯಾಗಬೇಕಾದರೆ ಈ ಉಗುಳು ದಾಟಿಯೇ ಹೋಗಬೇಕಿತ್ತು.

“ಕುರಿ ಅವರ ಹಟ್ಟ್ಯಾಗ ಅವ್ರಿ ಸಾಹೇಬರ. ನಾ ಹೊರಗ ಬಿದ್ದು ಎರಡು ವರ್ಷಾತು. ಒಂದು ಕುರಿ ಉಣ್ಣಿನೂ ನನ್ನ ಕೈಗಿ ಬಂದಿಲ್ಲ.”

“ಗಂಡನ ಆಸ್ತಿ ಹೆಣ್ತೀದಲ್ಲೇನು? ಹೋಗಿ ಅವನ ಕಾಲು ಹಿಡಿ. ಹಾಸಗಿ ಬೆಚ್ಚಗ ಇಟ್ಟಿದ್ದರ ಆ ಹಾಟ್ಯಾ ಇನ್ನೊಬ್ಬಾಕಿನ್ನ ಯಾಕ ತರ್ತಿದ್ದ?”

ಕಟ್ಟೆಯವರು ಇನ್ನೊಮ್ಮೆ ನಕ್ಕರು. ಸುಗಲಾಬಾಯಿ ಬಗಲಲ್ಲಿದ್ದ ಗಂಟು ಬಿಚ್ಚಿ ಹೊಸ ಕಂಬಳಿಯೊಂದನ್ನು ಮೆಟ್ಟಿಲ ಮೇಲಿಟ್ಟಳು. ಅವಳ ತಾಯಿ ಮುಕ್ತಾಬಾಯಿ ಮಂಜುಗಣ್ಣಿನಲ್ಲಿ ನೂತ ನೂಲಿನದು ಅದು. ತಲಾಠಿ ಅದರ ಅಂಚು ಉಜ್ಜಿ ನೋಡಿ, ಮುಂದಿನ ವಾರ ಬಾ, ನೋಡೋಣ ಎಂದ. ಕಂಬಳಿ ಒಳಗೆ ಹೋಯಿತು, ಕಾಗದ ಹೊರಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಅಂದು ಚಾವಡಿಯಿಂದ ಎಸ್‌.ಟಿ. ಸ್ಟ್ಯಾಂಡಿನ ಕಡೆ ನಡೆದಾಗ ಕಿರಾಣಿ ಅಂಗಡಿಯ ಮುಂದೆ ದೇವರ ಟಗರು ಎದುರಾಯಿತು. ಕೊರಳಲ್ಲಿ ಗಂಟೆ, ಹಣೆಗೆ ಮೆತ್ತಿದ ಭಂಡಾರ, ಅಂದರೆ ದೇವರ ಅರಿಸಿನ. ಅದು ಅಂಗಡಿಯವನ ಜೋಳದ ಚೀಲಕ್ಕೆ ಬಾಯಿ ಹಾಕಿ ನಿಧಾನವಾಗಿ ಮೇಯುತ್ತಿತ್ತು. ಅಂಗಡಿಯವ ಕೈಮುಗಿದು ಅದರ ಊಟ ಮುಗಿಯುವುದನ್ನು ಕಾಯುತ್ತಿದ್ದ. ಕುರುಬರ ದೇವರಾದ ಬೀರೋಬಾನಿಗೆ ಬಿಟ್ಟ ಕುರಿಯನ್ನು ಆ ಕಡೆ ಯಾರೂ ಕಟ್ಟುವುದಿಲ್ಲ, ಮಾರುವುದಿಲ್ಲ, ಕೋಲು ತೋರಿಸಿ ಹಿಂದಕ್ಕೆ ತಿರುಗಿಸುವುದಿಲ್ಲ. ಹಾಗೆ ಮಾಡಿದವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಸುಗಲಾಬಾಯಿ ರೂಢಿಯ ಹಾಗೆ ಟಗರಿನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಪೋಟಗಿ ಎಂಬ ಮಾತು ಅವಳ ಕಿವಿಗೆ ಬಿದ್ದದ್ದೇ ಒಂದು ಕಥೆ.

ಕುರನೂರಿನಿಂದ ಆಚೆ, ಬೋರಿ ಹೊಳೆಯ ದಂಡೆಗುಂಟ ಇರುವ ಕುರುಬರ ಹಟ್ಟಿಗೆ ಅವಳು ಮದುವೆಯಾಗಿ ಬಂದಾಗ ತವರಿನಿಂದ ಜೊತೆಗೆ ಬಂದದ್ದು ಒಂದು ಹೆಣ್ಣುಕುರಿ ಮತ್ತು ಅದರ ಮರಿ. ಕಾಮಣ್ಣನ ಹಿಂಡು ಆಗ ಬೆರಳಲ್ಲಿ ಎಣಿಸುವಷ್ಟು. ಮರಿ ಹಾಕಿಸುವುದು, ಹುಳ ಬಿದ್ದ ಗೊರಸಿಗೆ ಬೇವಿನೆಣ್ಣೆ ಹಚ್ಚುವುದು, ತಾಯಿ ಸತ್ತ ಮರಿಗೆ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸುವುದು, ಎಲ್ಲ ಅವಳದೇ. ಹಿಂಡು ಬೆಳೆಯಿತು. ಕಾಮಣ್ಣನ ಮೀಸೆಯೂ ಬೆಳೆಯಿತು. ಅವಳು ಹೆತ್ತದ್ದು ಒಂದು ಹೆಣ್ಣು, ಮುಂದೆ ಬಸಿರು ನಿಲ್ಲಲಿಲ್ಲ. ಒಂದು ದಿನ ಅವನು ಇನ್ನೊಬ್ಬಳನ್ನು ಕರೆತಂದ. ಇಬ್ಬರೂ ಇರಲಿ ಎಂದು ಸುಗಲಾಬಾಯಿ ಒಪ್ಪಿಯೂ ಇದ್ದಳು. ಆದರೆ ಹೊಸಬಳು ಒಪ್ಪಲಿಲ್ಲ. ಕುರಿ ಕಾಯುವ ಕೋಲು ಸುಗಲಾಬಾಯಿಯ ಬೆನ್ನಿಗೆ ಬಿದ್ದದ್ದು ಆಗ. ಮಗಳನ್ನು ಕಂಕುಳಿಗೆ ಹಾಕಿಕೊಂಡು ಕಂದಲಗಾಂವದ ತವರಿಗೆ ನಡೆದಳು. ತವರಿನಲ್ಲಿ ಕಣ್ಣು ಮಂಜಾದ ತಾಯಿಯೊಬ್ಬಳನ್ನು ಬಿಟ್ಟರೆ ಬೇರೆ ಏನಿತ್ತು? ಮಗಳನ್ನು ಮುದುಕಿಯ ಹತ್ತಿರ ಬಿಟ್ಟು, ಸೋಲಾಪುರದಲ್ಲಿ ಶಾಂತಪ್ಪ ಸಾವುಕಾರರ ಉಣ್ಣೆಯ ಗೋದಾಮಿನಲ್ಲಿ ಕೂಲಿಗೆ ಸೇರಿದಳು.

ಹಗಲೆಲ್ಲ ಉಣ್ಣೆಯೊಳಗಿನ ಮುಳ್ಳು, ಹಿಕ್ಕೆ ಹೆಕ್ಕುವುದು. ಸಂಜೆ ಸಾವುಕಾರರ ಮನೆಯಲ್ಲಿ ಮುಸುರೆ ತಿಕ್ಕುವುದು. ಆ ಮನೆಯ ಮಗಳು ರತ್ನಾಬಾಯಿ ಕೂಡ ಗಂಡನನ್ನು ಬಿಟ್ಟು ಬಂದಿದ್ದಳು. ಅದಕ್ಕಾಗಿ ಸಿದ್ದರಾಮಪ್ಪ ವಕೀಲರು ವಾರಕ್ಕೊಮ್ಮೆ ಬಂದು ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತ ಹೇಳುತ್ತಿದ್ದರು. ಸೋಡಚಿಠ್ಠಿಯ, ಅಂದರೆ ವಿಚ್ಛೇದನದ, ಕೆಲಸ ನಿಧಾನಕ್ಕೆ ಆಗಲಿ, ಅಲ್ಲಿಯತನಕ ಪೋಟಗಿ ಬರುತ್ತದೆ. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ‘ಬಾ, ಸಾಕ್ತೀನಿ’ ಅಂದರೂ ಹೋಗಬೇಕಾಗಿಲ್ಲ. ಸೋಡಚಿಠ್ಠಿ ಆದ ಮೇಲೂ ಮತ್ತೊಂದು ಮದುವೆ ಆಗುವತನಕ ಬರುತ್ತದೆ, ಹೊಸ ಕಾಯ್ದೆ ಬಂದಿದೆ. ಕಪ್ಪು ಬಸಿ ಎತ್ತಲು ಬಂದ ಸುಗಲಾಬಾಯಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಒಂದು ದಿನ ವಕೀಲರು ಚಪ್ಪಲಿ ಮೆಟ್ಟುತ್ತಿದ್ದಾಗ ಧೈರ್ಯ ಮಾಡಿ, ಆ ಕಾಯ್ದೆ ನಮ್ಮಂಥವರಿಗೂ ಇದೆಯೇ ಎಂದು ಕೇಳಿಯೇ ಬಿಟ್ಟಳು.

ಒಳಗಿನಿಂದ ಉತ್ತರ ಕೊಟ್ಟವರು ಸಾವುಕಾರರ ಹೆಂಡತಿ ಶಾರದಾಬಾಯಿ. “ನಿಮ್ಮ ಮಂದ್ಯಾಗ ಯಾತರ ಕಾಯ್ದೆ? ಪಂಚರ ಮುಂದ ಕಡ್ಡಿ ಮುರದ್ರ ಮುಗೀತು. ನಾಳಿಗಿ ಇನ್ನೊಬ್ಬನ್ನ ಮಾಡ್ಕೋತೀರಿ. ಹೋಗು, ಬೋಗುಣಿ ತೊಳಿ.”

ವಕೀಲರು ಮಾತ್ರ ನಗಲಿಲ್ಲ. ಕಾಯ್ದೆ ಎಲ್ಲರಿಗೂ ಒಂದೇ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ತಲಾಠಿಯ ಕಾಗದ ಬರದೆ ಕಮಿಟಿ ಒಪ್ಪದಿದ್ದಾಗ, ಇರಲಿ ಬಿಡು, ನಾನೇ ದಾವೆ ಹಾಕುತ್ತೇನೆ, ಫೀ ಬೇಡ, ಆದಿತ್ಯವಾರ ನಮ್ಮ ಮನೆಗೆ ಬಂದು ಒಂದಿಷ್ಟು ಕೈಗೂಡಿಸು ಎಂದರು. ಕೈಗೂಡಿಸುವುದೆಂದರೆ ಆರು ಮಂದಿಯ ಹಾಸಿಗೆ ಕೌದಿ ಒಗೆಯುವುದು, ಹಿತ್ತಿಲು ಸಾರಿಸುವುದು, ಜೋಳ ಹಸನು ಮಾಡುವುದು. ಹೀಗೆ ವಾರದಲ್ಲಿ ಅವಳಿಗೆ ಇದ್ದ ಒಂದು ಬಿಡುವೂ ಹೋಯಿತು, ಅದರ ಜೊತೆ ಮಗಳ ಮುಖವೂ ಹೋಯಿತು. ಪುಕ್ಕಟೆ ವಕೀಲಿ ಅಷ್ಟು ತುಟ್ಟಿ ಬಿತ್ತು.

ಅವರು ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದರು. ಪಂಚರು ಕರೆದು ಕಡ್ಡಿ ಮುರಿ ಎಂದರೆ ಕೈ ಹಚ್ಚಬೇಡ. ರಾಜಿಯಿಂದ ಬಿಟ್ಟುಕೊಟ್ಟಳು, ಕೊಡಬೇಕಾದದ್ದನ್ನು ಕೊಟ್ಟು ಮುಗಿಸಿದ್ದೇವೆ ಅಂತ ಕೋರ್ಟಿನಲ್ಲಿ ಹೇಳುತ್ತಾರೆ.

ದಾವೆಯ ನೋಟೀಸು ಹಟ್ಟಿಗೆ ಮುಟ್ಟಿದ್ದೇ ತಡ ಪಂಚರು ಕರೆದರು. ಬೀರೋಬಾನ ಗುಡಿಯ ಮುಂದೆ, ಬೇವಿನ ಮರದ ಕೆಳಗೆ ಪಂಚಾಯಿತಿ ಸೇರಿತು. ಪೂಜಾರಿ ಮಲಕಾಜಪ್ಪ ಜೋಳದ ದಂಟಿನ ಒಂದು ಕಡ್ಡಿಯನ್ನೂ ಒಂದು ಇಳಕಲ್ಲ ಸೀರೆಯನ್ನೂ ಅವಳ ಮುಂದಿಟ್ಟ. ಒಂದು ತುದಿ ಕಾಮಣ್ಣ ಹಿಡಿಯಬೇಕು, ಇನ್ನೊಂದು ತುದಿ ಅವಳು. ಕಡ್ಡಿ ಮುರಿದರೆ ಋಣ ಮುರಿಯಿತು. ಸೀರೆ ಉಟ್ಟುಕೊಂಡು ಅವಳು ತನ್ನ ದಾರಿ ಹಿಡಿಯಬೇಕು. ಸುಗಲಾಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ಕೂತಳು.

“ಕೈ ಹೊರಗ ತಗಿ ಬೋಸುಡಿ,” ಎಂದ ಮಲಕಾಜಪ್ಪ. “ದೇವರ ಮುಂದ ಒಲ್ಲೆ ಅಂತಿ, ಕರೇ ಕೋಟಿನಾವರ ಮುಂದ ಹೋಗಿ ನಿಂದರ್ತಿ. ದೇವರಿಗಿಂತ ದೊಡ್ಡವರೇನ ಅವ್ರು?”

“ದೇವರು ಪೋಟಗಿ ಕೊಡಸ್ತಾನಂದ್ರ ಅವನ ಮುಂದನ ನಿಂದರ್ತೀನ್ರಿ ಅಜ್ಜಾರ.”

ಇಷ್ಟು ಅಂದದ್ದಕ್ಕೆ ಅವಳ ಹಣೆಯ ಮೇಲಿನ ಭಂಡಾರವನ್ನು ಪೂಜಾರಿ ತನ್ನ ಧೋತರದ ಚುಂಗಿನಿಂದ ಒರೆಸಿ ಹಾಕಿದ. ಇನ್ನು ಮುಂದೆ ಗುಡಿಯ ಕಟ್ಟೆ ಹತ್ತಕೂಡದು ಎಂದ. ಹುಟ್ಟಿದಾರಭ್ಯ ಅವಳ ಹಣೆ ಬರಿದಾಗಿ ಇದ್ದದ್ದಿಲ್ಲ. ಅಂದು ಹೊಳೆಯ ದಂಡೆಯಲ್ಲಿ ಕೂತು ಅತ್ತಳು. ಗಂಡ ಹೊಡೆದಾಗಲೂ ಅಷ್ಟು ಅತ್ತಿರಲಿಲ್ಲ.

ಅಕ್ಕಲಕೋಟದ ಕೋರ್ಟಿಗೆ ಅವಳು ಎಷ್ಟು ಸಲ ಹೋದಳೆಂಬುದನ್ನು ಅವಳೇ ಮರೆತಳು. ಕೋರ್ಟು ಹತ್ತಿದವರಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಗೆಲ್ಲುವುದೂ ಇಲ್ಲದೆ ಸೋಲುವುದೂ ಇಲ್ಲದೆ ಬರೀ ತಾರೀಖಿಗೆ ಹೋಗುವವರ ಗತಿಯೇನೆಂದು ಯಾರೂ ಹೇಳಿಲ್ಲ. ಒಂದು ತಾರೀಖಿಗೆ ನ್ಯಾಯಾಧೀಶ ಸಾಹೇಬರು ರಜೆಯಲ್ಲಿ, ಇನ್ನೊಂದಕ್ಕೆ ಕಾಮಣ್ಣನಿಗೆ ಜ್ವರ, ಮತ್ತೊಂದಕ್ಕೆ ಅವನ ವಕೀಲನ ಭಾವನ ಮದುವೆ. ಪ್ರತಿ ತಾರೀಖಿಗೂ ಅವಳ ಒಂದು ದಿನದ ಕೂಲಿ ಹೋಗುತ್ತಿತ್ತು. ಒಮ್ಮೆ ಹಸಿವು ತಾಳದೆ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದಾಗ, ಕೋರ್ಟಿನ ಪಟ್ಟೇವಾಲ ಕಾಲಿನಿಂದ ಗಂಟನ್ನು ಸರಿಸಿದ.

“ಏ, ಏಳು ಮ್ಯಾಲ. ಇದೇನ ನಿಮ್ಮಪ್ಪನ ಮನಿ ಕಟ್ಟಿ ಅಂತ ತಿಳದಿಯೇನ? ಕೋರ್ಟು ಇದು.”

ರೊಟ್ಟಿ ಮಣ್ಣಿಗೆ ಬಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ ಕಾಂಪೌಂಡಿನ ಆಚೆ ಹೋಗಿ ತಿಂದಳು.

ಕೊನೆಗೂ ಸಾಕ್ಷಿಯ ದಿನ ಬಂತು. ಕಾಮಣ್ಣ ಅಂದು ಹರಿದ ಅಂಗಿ ಹಾಕಿಕೊಂಡು, ಬರಿಗಾಲಲ್ಲಿ, ಹಣೆ ತುಂಬ ಭಂಡಾರ ಹಚ್ಚಿಕೊಂಡು ಬಂದ. ಆ ಅಂಗಿ ಅವನದಲ್ಲವೆಂದು ಸುಗಲಾಬಾಯಿಗೆ ಗೊತ್ತು. ಕುರಿ ಕಾಯುವ ಆಳಿನದು. ಅವನ ವಕೀಲ ಒಂದು ಕಾಗದ ಎತ್ತಿ ತೋರಿಸಿದ. ಅರ್ಜಿದಾರಳ ಗಂಡನಿಗೆ ಹೊಲ ಇಲ್ಲ, ಇರುವುದೆಲ್ಲ ಅಣ್ಣನ ಹೆಸರಿಗೆ, ಕೂಲಿನಾಲಿ ಮಾಡಿ ಬದುಕುವ ಬಡವ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ತಲಾಠಿಯ ಸಿಕ್ಕಾ. ಅವಳ ಕಂಬಳಿ ಒಳಗಿಟ್ಟುಕೊಂಡ ಅದೇ ತಲಾಠಿ. ಸಿದ್ದರಾಮಪ್ಪನವರು ಅದನ್ನು ಓದಿ ಹೇಳಿದಾಗ ಅವಳು ಬಾಯಿ ತೆರೆಯಹೋದಳು. ಸುಮ್ಮನಿರು ಎಂದು ಅವರು ಸನ್ನೆ ಮಾಡಿದರು.

ಹೊಲ ಹೋಗಲಿ, ಕುರಿ ಎಲ್ಲಿ ಹೋದವು? ಸಿದ್ದರಾಮಪ್ಪನವರು ಅದನ್ನೇ ಕೇಳಿದರು. ನಾಲ್ಕಿಪ್ಪತ್ತು, ಅಂದರೆ ಎಂಬತ್ತು ಕುರಿ ಹಟ್ಟಿಯಲ್ಲಿ ಇವೆಯೋ ಇಲ್ಲವೋ? ಇವೆ ಎಂದ ಕಾಮಣ್ಣ. ಯಾರವು ಎಂದರೆ ಬೀರೋಬಾನವು ಎಂದ. ಹಟ್ಟಿಗೆ ಬೇನೆ ಬಂದಾಗ ಹರಕೆ ಹೊತ್ತು ಎಲ್ಲವನ್ನೂ ದೇವರಿಗೆ ಬಿಟ್ಟಿದ್ದೇನೆ, ನಾನು ಬರೀ ಕಾಯುವವ ಎಂದ. ಪೂಜಾರಿ ಮಲಕಾಜಪ್ಪ ಕಟಕಟೆ ಹತ್ತಿ, ಹೌದು, ನನ್ನ ಕೈಯಿಂದಲೇ ಬಿಟ್ಟದ್ದು ಎಂದು ಸಾಕ್ಷಿ ನುಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತಿದೆ. ಇಲ್ಲಿ ದೇವರಿಗೆ ಕುರಿ ಬಂದದ್ದು ದೇವರಿಗೇ ಗೊತ್ತಿರಲಿಲ್ಲ.

ಸಾಹೇಬರ ಮುಖದಲ್ಲಿ ನಂಬಿಕೆ ಮೂಡಲಿಲ್ಲ. ಅದನ್ನು ಕಂಡು ಕಾಮಣ್ಣ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದ. ಟೊಂಕದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಭಂಡಾರ ತೆಗೆದು ತಲೆಯ ಮೇಲೆ ಎತ್ತಿ ಹಿಡಿದ.

“ಬೀರೋಬಾನ ಆಣಿ. ಅದರಾಗಿನ ಒಂದು ಕುರೀನೂ ನಂದಲ್ಲ. ನಂದು ಅಂತ ಎಂದಾದ್ರೂ ಅಂದ್ನೆಪಾ ಅಂದ್ರ ನನ್ನ ನಾಲಗಿ ಸೇದಿಹೋಗ್ಲಿ.”

ಬೆರಳ ಸಂದಿಯಿಂದ ಅರಿಸಿನ ಮೇಜಿನ ಮೇಲೆ ಉದುರಿತು. ಕಾರಕೂನ ಗೊಣಗುತ್ತ ಊದಿದ. ಬಾಗಿಲಲ್ಲಿ ನಿಂತಿದ್ದ ಹಟ್ಟಿಯ ಮಂದಿ ಒಮ್ಮೆಗೇ ತಲೆ ಬಾಗಿಸಿ ಕೈಮುಗಿದರು. ಸುಗಲಾಬಾಯಿಯ ಕೈ ಕೂಡ ತಾನಾಗಿ ಮೇಲೆ ಹೋಯಿತು. ಅಂಥ ಆಣೆ ಇಟ್ಟು ಸುಳ್ಳು ಹೇಳುವವನನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಇವನ ಜೊತೆಗಾ ನಾನು ಹನ್ನೆರಡು ವರ್ಷ ಮಲಗಿದ್ದು ಎಂದು ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು.

ಅವನ ವಕೀಲ ಅಷ್ಟಕ್ಕೇ ಬಿಡಲಿಲ್ಲ. ನನ್ನ ಪಕ್ಷಕಾರ ಹೆಂಡತಿಯನ್ನು ಸಾಕಲು ಇಂದಿಗೂ ತಯಾರಿದ್ದಾನೆ, ಆಕೆಯೇ ಸೋಲಾಪುರದ ಗೋದಾಮಿನ ಗಂಡಸರ ನಡುವೆ ಇರುವುದಕ್ಕೆ ರುಚಿ ಕಂಡಿದ್ದಾಳೆ ಎಂದ. ಸಾಹೇಬರು ಅವಳ ಕಡೆ ತಿರುಗಿದರು. “ಜಾ ನಾ ಬಾಯಿ, ನಾಂದಾಯಲಾ ಜಾ,” ಎಂದರು ಮರಾಠಿಯಲ್ಲಿ. ಹೋಗಮ್ಮ, ಗಂಡನ ಮನೆಯಲ್ಲಿ ಬಾಳ್ವೆ ಮಾಡು ಎಂದು ಅದರ ಅರ್ಥ. ಗದರಿಸಿದ ದನಿಯಲ್ಲ, ಮಗಳಿಗೆ ಹೇಳಿದ ದನಿ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

“ಎಲ್ಲಿ ಹೋಗ್ಲಿರಿ ಸಾಹೇಬರ? ಆ ಮನ್ಯಾಗ ನನ್ನ ಹಾಸಗಿ ಮ್ಯಾಲ ಬ್ಯಾರೆದಾಕಿ ಮಲಗ್ಯಾಳ.”

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ಸಿದ್ದರಾಮಪ್ಪನವರು ಎದ್ದು ಕಾಯ್ದೆಯ ಕಲಮು ಓದಿದರು. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಾಗ ಹೆಂಡತಿ ಹೋಗಬೇಕಾಗಿಲ್ಲ ಎಂಬುದನ್ನು ಸಾಹೇಬರು ಒಪ್ಪಿದರು. ಆದರೆ ಬಡವನಿಂದ ಎಷ್ಟು ಕೊಡಿಸಲಾಗುತ್ತದೆ? ತಾಯಿ ಮಗಳಿಬ್ಬರಿಗೂ ಸೇರಿ ತಿಂಗಳಿಗೆ ಹದಿನೈದು ರೂಪಾಯಿ ಎಂದು ಹುಕುಮು ಆಯಿತು.

ಗೆದ್ದೆವು ಎಂದರು ವಕೀಲರು. ಅಂದು ಅವಳು ಕಂದಲಗಾಂವಕ್ಕೆ ಹೋಗಿ ಮಗಳಿಗೆ ಬೆಲ್ಲ ಕೊಟ್ಟಳು. ತಿಂಗಳು ಕಳೆಯಿತು, ಏನೂ ಬರಲಿಲ್ಲ. ಮತ್ತೊಂದು, ಮಗುದೊಂದು ತಿಂಗಳು ಕಳೆಯಿತು. ಮುಕ್ತಾಬಾಯಿಯ ಕಣ್ಣು ಪೂರ್ತಿ ಕಾಣದಾದವು, ನೂಲುವುದು ನಿಂತಿತು. ಅಜ್ಜಿಗೆ ಕಾಣುವುದಿಲ್ಲವೆಂದು ಮಗಳು ತನ್ನ ಪಾಲಿನ ರೊಟ್ಟಿಯನ್ನು ಅವಳ ತಾಟಿಗೆ ಹಾಕಿ ತಾನು ಉಂಡೆ ಎನ್ನುತ್ತಿದ್ದಳು. ಅದನ್ನು ಒಂದು ಸಲ ಕಂಡ ಮೇಲೆ ಸುಗಲಾಬಾಯಿ ಆದಿತ್ಯವಾರದ ಕೌದಿಗಳನ್ನು ಬಿಟ್ಟು ನೇರ ಸಿದ್ದರಾಮಪ್ಪನವರ ಮುಂದೆ ಹೋಗಿ ನಿಂತಳು.

ಅವರು ಬೇಸರದಿಂದಲೇ ಹೇಳಿದರು. ಕೊಡದಿದ್ದರೆ ವಾರಂಟು ತೆಗೆಸಬಹುದು, ಸಾಮಾನು ಜಪ್ತಿ ಮಾಡಿಸಬಹುದು. ತಾರೀಖು ಹಾಕಿಸಿದ್ದೇನೆ, ಬುಧವಾರ ಇದೆ. ಆದರೆ ಜಪ್ತಿ ಮಾಡಲು ಅವನ ಹತ್ತಿರ ಏನಾದರೂ ಇರಬೇಕಲ್ಲ? ಹೊಲ ಅಣ್ಣನದು, ಕುರಿ ದೇವರವು. ಬಹಳವಾದರೆ ಕೆಲವು ದಿನ ಒಳಗೆ ಹಾಕುತ್ತಾರೆ. ಅವನು ಜೇಲಿನ ರೊಟ್ಟಿ ತಿಂದು ಬರುತ್ತಾನೆ, ನಿನಗೇನು ಬಂತು?

“ಕುರಿ ಅವನವು ಅಲ್ಲ ಅಂತ ಸಾಹೇಬರು ಬರಕೊಂಡಾರೇನ್ರಿ?” ಎಂದಳು ಅವಳು.

“ಬರಕೊಂಡಾರ. ದೇವರವು ಅಂತ ಬರಕೊಂಡಾರ. ಅದಕ್ಕ ಅಲ್ಲೇನು ಬರೇ ಹದಿನೈದಕ್ಕ ನಿಂತದ್ದು.”

ಅವಳು ತಿರುಗಿ ಹಿತ್ತಿಲಿಗೆ ನಡೆದಳು. ನೆನೆಹಾಕಿದ್ದ ಕೌದಿಗಳನ್ನು ಒಗೆದು, ಹಿಂಡಿ, ಹರವಿಯೇ ಮನೆಗೆ ಹೋದಳು. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅವಳಿಗೆ ರೂಢಿಯಿರಲಿಲ್ಲ.

ಬುಧವಾರ ಹೊತ್ತು ಮೂಡುವ ಮುಂದೆ ಅವಳು ಹಟ್ಟಿಯಲ್ಲಿದ್ದಳು. ನಾಯಿಗಳು ಗುರುತು ಹಿಡಿದು ಬಾಲ ಬಡಿದವು. ದೊಡ್ಡಿಯ ಬಾಯಿಗೆ ಇಟ್ಟ ಮುಳ್ಳುಕಂಟಿಯನ್ನು ಎಳೆದಳು, ಅಂಗೈಗೆ ಮುಳ್ಳು ನೆಟ್ಟಿತು, ಎಳೆದು ಬದಿಗೆ ಹಾಕಿದಳು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಾಲಗೆಯನ್ನು ಅಂಗುಳಕ್ಕೆ ಹಚ್ಚಿ, ಮರಿಗಳಿಗೆ ಹಾಲು ಕುಡಿಸುವಾಗ ಕರೆಯುತ್ತಿದ್ದ ಹಾಗೆ ಕರೆದಳು. ದೊಡ್ಡಿಯೊಳಗೆ ಗದ್ದಲ ನಿಂತಿತು. ಚಂದ್ರಿ ಮೊದಲು ತಲೆ ಹೊರಗೆ ಹಾಕಿತು. ತವರಿನಿಂದ ಬಂದ ಕುರಿಯ ಸಂತಾನ ಅದು, ಹಣೆಯಲ್ಲಿ ಬಿಳಿ ಬೊಟ್ಟು. ಅವಳ ಸೆರಗು ಮೂಸಿ, ಅಲ್ಲಿಯೇ ನಿಂತು ಒಮ್ಮೆ ಕೂಗಿತು. ಅದರ ಬೆನ್ನಿಗೆ ಹಿಂಡು ಹೊರಟಿತು.

ಹೊಸಬಳು ಬೊಬ್ಬೆ ಹಾಕಿದಳು. ಕಾಮಣ್ಣ ಎದ್ದು ಕೋಲು ಹಿಡಿದು ಓಡಿಬಂದ.

“ಏ ರಂಡಿ, ನಿನ್ನ ಕಾಲ ಮುರೀತೀನಿ ಇವತ್ತ. ಯಾರ ಕುರಿ ಅಂತ ಹೊಡಕೊಂಡ ಹೊಂಟಿ?”

“ನಾ ಹೊಡಕೊಂಡ ಹೊಂಟಿಲ್ರಿ,” ಎಂದಳು ಸುಗಲಾಬಾಯಿ. ಅವಳ ಕೈಯಲ್ಲಿ ಕೋಲಿರಲಿಲ್ಲ. “ನಾ ಹೊಂಟೀನಿ. ಅವು ಬರಾಕತ್ತ್ಯಾವ. ನಿಮ್ಮವು ಇದ್ರ ತಿರಿಗಿಸ್ರಿ. ದೇವರವು ಇದ್ರ ಕೋಲು ಕೆಳಗ ಇಡ್ರಿ.”

ಅಷ್ಟು ಹೊತ್ತಿಗೆ ಹಟ್ಟಿಯ ಮಂದಿ ತಂಬಿಗೆ ಹಿಡಿದವರು ತಂಬಿಗೆ ಹಿಡಿದುಕೊಂಡೇ, ಸೊಪ್ಪೆ ಹೊತ್ತವರು ಹೊರೆ ಹೊತ್ತುಕೊಂಡೇ ಬಂದು ನಿಂತಿದ್ದರು. ಆಣೆಯ ದಿನ ಕೋರ್ಟಿನ ಬಾಗಿಲಲ್ಲಿ ಕೈಮುಗಿದವರೂ ಅವರೊಳಗಿದ್ದರು. ಎಲ್ಲರೂ ಕಾಮಣ್ಣನ ಕೋಲನ್ನೇ ನೋಡಿದರು. ಎತ್ತಿದ ಕೋಲು ಎತ್ತಿದಲ್ಲೇ ಇತ್ತು. ಕಾಮಣ್ಣನಿಗೆ ಈಗ ಹೊಸಬಳಿಂದ ಒಂದು ಗಂಡು ಕೂಸು ಹುಟ್ಟಿತ್ತು. ಅದು ಗುಡಿಸಿಲಿನೊಳಗೆ ಎಚ್ಚರಾಗಿ ಅಳುತ್ತಿತ್ತು. ಅವನು ಆ ಕಡೆ ಒಮ್ಮೆ ನೋಡಿ ಕೋಲನ್ನು ಇಳಿಸಿದ.

ಪೂಜಾರಿ ಮಲಕಾಜಪ್ಪ ಏದುಸಿರು ಬಿಡುತ್ತ ಬಂದ. ದೇವರ ಕುರಿ ದೇವರ ಗುಡಿಗೆ ಬರಬೇಕು, ಈ ಹೊಲೆಗೆಟ್ಟವಳ ಹಿಂದೆ ಹೋಗಬಾರದು ಎಂದ.

“ಕರೀರಿ ಅಜ್ಜಾರ,” ಎಂದಳು ಅವಳು. “ನಿಮ್ಮ ಕೈಲಿಂದ ಬಿಟ್ಟದ್ದಲ್ಲ? ನಿಮ್ಮ ದನಿ ಗುರತು ಹಿಡೀತಾವ.”

ಮಲಕಾಜಪ್ಪ ಕರೆದ. ಭಂಡಾರ ತೂರಿದ. ಹೋ ಹೋ ಎಂದ. ಹುಟ್ಟಿದಂದಿನಿಂದ ಒಂದು ಮರಿಯನ್ನೂ ಕರೆಯದ ಗಂಟಲು ಅದು. ಒಂದು ಟಗರು ತಿರುಗಿ ನೋಡಿತು, ಅವನ ಕೈಯಲ್ಲಿ ತಿನ್ನುವುದೇನೂ ಇಲ್ಲವೆಂದು ತಿಳಿದು ಹಿಂಡು ಸೇರಿತು. ಮಂದಿಯಲ್ಲಿ ಮುದುಕನೊಬ್ಬ ನಕ್ಕುಬಿಟ್ಟ. ಪೂಜಾರಿ ದುರುಗುಟ್ಟಿ ನೋಡಿದರೂ ಅವನ ನಗು ನಿಲ್ಲಲಿಲ್ಲ.

ಅಕ್ಕಲಕೋಟದ ದಾರಿಯುದ್ದಕ್ಕೂ ಹಾಗೆಯೇ ನಡೆಯಿತು. ಮುಂದೆ ಸುಗಲಾಬಾಯಿ, ಅವಳ ಹಿಂದೆ ಚಂದ್ರಿ ಮತ್ತು ಹಿಂಡು, ಹಿಂಡಿನ ಧೂಳಿನಲ್ಲಿ ಕಾಮಣ್ಣ, ಪೂಜಾರಿ, ಅರ್ಧ ಹಟ್ಟಿ. ಕಾಮಣ್ಣ ಒಮ್ಮೆ ಬೈಯುತ್ತಿದ್ದ, ಒಮ್ಮೆ ಅಂಗಲಾಚುತ್ತಿದ್ದ. ಒಂದು ಮೈಲುಗಲ್ಲಿನ ಹತ್ತಿರ ಬಳಿಗೆ ಬಂದು ತಗ್ಗಿದ ದನಿಯಲ್ಲಿ, ಅರ್ಧ ಕುರಿ ಕೊಡ್ತೀನಿ, ಕಡ್ಡಿ ಮುರಿದು ಮುಗಿಸೋಣ ಎಂದ. ಅರ್ಧ ಕೊಡಲು ಅವು ಯಾರವು ಎಂದು ಅವಳು ಕೇಳಲಿಲ್ಲ. ಅವಳಿಗೆ ಮಾತು ಸಾಕಾಗಿತ್ತು. ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಡೆದಳು. ಗೆದ್ದೆನೆಂದೂ ಅನ್ನಿಸಲಿಲ್ಲ. ಸಂಜೆಗೆ ಫೌಜದಾರ ಬರಬಹುದು, ಕಳವಿನ ಕೇಸು ಹಾಕಬಹುದು, ತನ್ನನ್ನೇ ಒಳಗೆ ನೂಕಬಹುದು, ಎಲ್ಲ ಅವಳಿಗೆ ತಿಳಿದಿತ್ತು. ಎಲ್ಲಿಯಾದರೂ ನೆರಳಿಗೆ ಕೂತರೆ ಸಾಕು ಅನ್ನಿಸುತ್ತಿತ್ತು.

ಕೋರ್ಟಿನ ಕಾಂಪೌಂಡಿಗೆ ಗೇಟು ಇರಲಿಲ್ಲ. ಕುರಿಗಳು ಒಳಗೆ ನುಗ್ಗಿ ಸಾಹೇಬರ ಚೆಂಡು ಹೂವಿನ ಪಾತಿಗೆ ಬಾಯಿ ಹಾಕಿದವು. ವಕೀಲರ ಸೈಕಲ್ಲುಗಳು ಉರುಳಿದವು. ಪಟ್ಟೇವಾಲ ಕೋಲು ಹಿಡಿದು ಬಂದ. ಹಟ್ಟಿಯ ನಾಲ್ಕು ಮಂದಿ ಅವನನ್ನು ತಡೆದು, ದೇವರವು ಅವು, ಮುಟ್ಟಬ್ಯಾಡ ಎಂದರು. ಗದ್ದಲಕ್ಕೆ ಸಾಹೇಬರೇ ಕರಿ ಕೋಟಿನಲ್ಲಿ ವರಾಂಡಕ್ಕೆ ಬಂದರು. ಕಾಮಣ್ಣನ ವಕೀಲ ಬಂದ. ಬಗಲಲ್ಲಿ ಕಾಗದ ಹಿಡಿದು ಸಿದ್ದರಾಮಪ್ಪನವರು ಬಂದರು. ಹಿಂಡನ್ನು ಕಂಡು, ಸುಗಲಾಬಾಯಿಯನ್ನು ಕಂಡು, ಅವರ ಬಾಯಿ ಅರ್ಧ ತೆರೆದದ್ದು ಹಾಗೇ ನಿಂತಿತು.

“ಹೀ ಮೆಂಢರಂ ಕುಣಾಚೀ?” ಎಂದರು ಸಾಹೇಬರು. ಯಾರವು ಈ ಕುರಿ? ಆಮೇಲೆ ಅವಳಿಗೆಂದೇ ಕನ್ನಡದಲ್ಲಿ ಕೇಳಿದರು. “ಯಾರ ಕುರಿ ಬಾಯಿ ಇವು?”

“ನನಗೇನ ಗೊತ್ತರಿ ಸಾಹೇಬರ. ಅವರನ್ನ ಕೇಳ್ರಿ. ಇವತ್ತ ಜಪ್ತಿ ತಾರೀಖ ಅದ ಅಂದ್ರು, ಬಂದೀನಿ.”

ಎಲ್ಲರೂ ಕಾಮಣ್ಣನ ಕಡೆ ತಿರುಗಿದರು. ಅವನ ವಕೀಲ ಹತ್ತಿರ ಸರಿದು ಕಿವಿಯಲ್ಲಿ ಒಂದು ಮಾತು ಹೇಳಿದ. ಇನ್ನೊಂದು ಕಿವಿಯಲ್ಲಿ ಪೂಜಾರಿ ಇನ್ನೊಂದು ಹೇಳಿದ. ನನ್ನವು ಎಂದರೆ ಜಪ್ತಿಯ ಕಾಗದ ಸಿದ್ದರಾಮಪ್ಪನವರ ಬಗಲಲ್ಲಿಯೇ ಇತ್ತು, ಆಣೆ ಇಟ್ಟ ನಾಲಗೆ ಬಾಯಲ್ಲಿಯೇ ಇತ್ತು. ನನ್ನವಲ್ಲ ಎಂದರೆ ಅವು ಹೋದಲ್ಲಿಗೆ ಹೋಗುವುದನ್ನು ತಡೆಯುವ ಹಾಗಿರಲಿಲ್ಲ, ಚಂದ್ರಿಯಂತೂ ಸುಗಲಾಬಾಯಿಯ ಕಾಲಬುಡದಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಹಣೆಯ ಭಂಡಾರ ಬೆವರಿಗೆ ಕರಗಿ ಕಾಮಣ್ಣನ ಮೂಗಿನಗುಂಟ ಇಳಿಯಿತು. ಬಾಯಿ ತೆರೆದ, ಮುಚ್ಚಿದ.

“ಬೋಲ್,” ಎಂದರು ಸಾಹೇಬರು.

ಉತ್ತರಕ್ಕೆ ಹೊತ್ತು ಹಿಡಿಯುವ ಹಾಗಿತ್ತು. ಸುಗಲಾಬಾಯಿ ಕೋರ್ಟಿನ ಮೆಟ್ಟಿಲ ಮೇಲೆ ಕೂತಳು. ಪಟ್ಟೇವಾಲ ನೋಡುತ್ತಿದ್ದ ಹಾಗೆಯೇ ಮಡಿಲಿನ ಗಂಟು ಬಿಚ್ಚಿ, ಒಣಗಿದ ರೊಟ್ಟಿಯ ಮೇಲಿನ ಖಾರವನ್ನು ಬೆರಳಿನಿಂದ ಹರವಿ, ಉಣ್ಣತೊಡಗಿದಳು.